ಡಿಸ್ನಿ ವರ್ಲ್ಡ್ ಅಂದ್ರೆ ಕೆಲವರು ಯಾಕೆ ಮೂಗು ಮುರೀತಾರೆ?

ಮೊಗ್ಗಿನಜಡೆ:
ಊರಿಂದ ಬರೋ ಅಪ್ಪ-ಅಮ್ಮ (68, 63), ಮಕ್ಕಳು (4, 10) ಸೇರಿ ಆರು ಜನ. ಡಿಸೆಂಬರ್ ರಜೆಗೆ ಅಮೆರಿಕದ ಒರ್ಲ್ಯಾಂಡೊದಲ್ಲಿರೋ ಡಿಸ್ನಿ ವರ್ಲ್ಡ್‌ಗೆ ಅಂತ ಯೋಚನೆ. ಹೋಗಿಬಂದವರಲ್ಲಿ ಕೆಲವರು ಸ್ವರ್ಗ ಅಂತಾರೆ, ಕೆಲವರು ದುಡ್ಡು ಕೊಟ್ಟು ಸುಸ್ತು ಕೊಂಡ್ಕೊಂಡ ಹಾಗೆ ಅಂತಾರೆ. ಈ ಎರಡನೆಯವರ ತಕರಾರು ಏನು? "ಎಲ್ಲಾ ವ್ಯಾಪಾರ" ಅನ್ನೋ ಉತ್ತರ ಬೇಡ, ಅದು ಗೊತ್ತಿದೆ.

ಸಾಲುಮರ:
ತಕರಾರಿನ ಬೇರು ಕ್ಯೂನಲ್ಲಿದೆ. ದೊಡ್ಡ ರೈಡುಗಳಿಗೆ ಎರಡು ಸಾಲು: ಬಿಟ್ಟಿಯ ಸ್ಟ್ಯಾಂಡ್‌ಬೈ, ದುಡ್ಡಿನ ಲೈಟ್ನಿಂಗ್ ಲೇನ್. ಹತ್ತೋ ಜಾಗಕ್ಕೆ ಸ್ವಲ್ಪ ಮುಂಚೆ ಎರಡೂ ಕೂಡುತ್ತವೆ. ಅಲ್ಲಿ ನಿಂತ ಸಿಬ್ಬಂದಿ ಲೈಟ್ನಿಂಗ್ ಕಡೆಯವರನ್ನೇ ಹೆಚ್ಚು ಬಿಡ್ತಾರೆ. ಉದಾಹರಣೆಗೆ ಗಂಟೆಗೆ 1,500 ಜನ ಹತ್ತುವ ರೈಡಿನಲ್ಲಿ ಐದರಲ್ಲಿ ನಾಲ್ಕು ಸೀಟು ಅವರಿಗೆ ಹೋದರೆ ಸ್ಟ್ಯಾಂಡ್‌ಬೈಗೆ ಉಳಿಯೋದು 300. ನಿಮ್ಮ ಮುಂದೆ 450 ಜನ ಇದ್ದರೆ ಒಂದೂವರೆ ಗಂಟೆ ನಿಲ್ಲಬೇಕು, ಮೂರ್ನಾಲ್ಕು ನಿಮಿಷದ ಸವಾರಿಗೆ. ರೈಡು ನಡುವೆ ಕೆಟ್ಟು ನಿಂತರೆ ಇನ್ನೂ ಕಷ್ಟ. ಆ ಹೊತ್ತಿಗೆ ಬುಕ್ ಮಾಡಿದವರೆಲ್ಲ ಶುರುವಾದ ಕೂಡಲೇ ಒಟ್ಟಿಗೆ ಬರ್ತಾರೆ, ಸ್ಟ್ಯಾಂಡ್‌ಬೈ ನಿಂತಲ್ಲೇ ನಿಲ್ಲುತ್ತೆ.

1999ರಲ್ಲಿ ಇದೇ ಥರ ಸಾಲು ತಪ್ಪಿಸೋಕೆ ಬಂದ ಫಾಸ್ಟ್‌ಪಾಸ್ ಬಿಟ್ಟಿ ಇತ್ತು. 2021ರ ಅಕ್ಟೋಬರ್‌ನಲ್ಲಿ ಜೀನಿ ಪ್ಲಸ್ ಅಂತ ದುಡ್ಡಿನದು ಬಂತು, 2024ರ ಜುಲೈನಲ್ಲಿ ಅದೇ ಲೈಟ್ನಿಂಗ್ ಲೇನ್ ಮಲ್ಟಿ ಪಾಸ್ ಆಯ್ತು. ಡಿಸ್ನಿ ಹೋಟೆಲಿನಲ್ಲಿ ಉಳಿಯೋರು 7 ದಿನ ಮುಂಚೆ, ಉಳಿದವರು 3 ದಿನ ಮುಂಚೆ, ಬೆಳಿಗ್ಗೆ 7ಕ್ಕೆ (ಪೂರ್ವ ತೀರದ ಸಮಯ) ಫೋನ್ ಹಿಡಿದು ಮೂರು ರೈಡು ಆರಿಸಬೇಕು. ತತ್ಕಾಲ್ ಟಿಕೆಟ್ ಮಾಡಿಸಿದವರಿಗೆ ಆ ಎದೆಬಡಿತ ಗೊತ್ತು. ರಜೆ ಅಂದ್ರೆ ಆರಾಮ ಅನ್ನೋರಿಗೆ ಇದು ಒಗ್ಗಲ್ಲ.

ಪೈಸಾಲೆಕ್ಕ:
ದುಡ್ಡಿನ ವಿಷಯ. ಒಂದು ದಿನದ ಟಿಕೆಟ್ ದರ ತಾರೀಕು, ಪಾರ್ಕ್ ನೋಡಿ ಬದಲಾಗುತ್ತೆ. 2025ರಲ್ಲಿ ಅತಿ ಕಡಿಮೆ 119 ಡಾಲರ್, ಕ್ರಿಸ್‌ಮಸ್ ಆಸುಪಾಸು ಮ್ಯಾಜಿಕ್ ಕಿಂಗ್‌ಡಮ್ ಅನ್ನೋ ಪಾರ್ಕಿಗೆ 199 ಇತ್ತು. 3 ವರ್ಷದೊಳಗಿನವರಿಗೆ ಮಾತ್ರ ಬಿಟ್ಟಿ. 10 ತುಂಬಿದ್ರೆ ದೊಡ್ಡವರ ದರ, ಅಂದ್ರೆ ನಿಮ್ಮಲ್ಲಿ ಐದು ಪೂರಾ ಟಿಕೆಟ್. ಚಿಕ್ಕದಕ್ಕೂ ಕೆಲವೇ ಡಾಲರ್ ಕಡಿಮೆ.

ಆ ಚಿಕ್ಕದರ ಎತ್ತರ ಇವತ್ತೇ ಗೋಡೆಗೆ ನಿಲ್ಲಿಸಿ ಅಳೀರಿ. ರೈಡುಗಳಲ್ಲಿ ಸೆವೆನ್ ಡ್ವಾರ್ಫ್ಸ್‌ಗೆ ಕನಿಷ್ಠ 38 ಇಂಚು ಬೇಕು, ಸ್ಪೇಸ್ ಮೌಂಟನ್‌ಗೂ ಫ್ಲೈಟ್ ಆಫ್ ಪ್ಯಾಸೇಜ್‌ಗೂ 44, ಟ್ರಾನ್‌ಗೆ 48. ಅರ್ಧ ಇಂಚು ಕಡಿಮೆ ಇದ್ರೂ ಬಿಡಲ್ಲ, ಬಾಗಿಲಲ್ಲಿ ರಂಪ ಗ್ಯಾರಂಟಿ. ಅಂಥ ಕಡೆ ರೈಡರ್ ಸ್ವಿಚ್ ಕೇಳಿ: ಒಬ್ಬರು ಮಗು ಜೊತೆ ಹೊರಗೆ ಕೂರೋದು, ಮೊದಲಿನವರು ಬಂದಮೇಲೆ ಇವರು ಲೈಟ್ನಿಂಗ್ ಬಾಗಿಲಲ್ಲಿ ಹೋಗೋದು. ಇದಕ್ಕೆ ದುಡ್ಡಿಲ್ಲ. ಸಾಲಿಗೆ ಸೇರೋ ಮುಂಚೆ ಎಲ್ಲರೂ ಒಟ್ಟಿಗೆ ಬಾಗಿಲಿಗೆ ಹೋಗಿ ಹೇಳಬೇಕು.

ರಾಗಿಮುದ್ದೆ ಟ್ಯಾಂಪಾ:
ಮೇಲಿನ ಇಬ್ಬರೂ ಹೇಳಿದ್ದು ಸರಿ, ಆದ್ರೆ ಅರ್ಧ ಗೋಳು ತಪ್ಪು ತಾರೀಕು ಆರಿಸೋದ್ರಿಂದ ಬರೋದು. ಡಿಸೆಂಬರ್ 25ರಿಂದ ಜನವರಿ 1 ಬಿಟ್ಟು ತಿಂಗಳ ಮೊದಲ ಎರಡು ವಾರ ನೋಡಿ. ಊಟದ ಗೋಳೂ ಹೇಳುವಷ್ಟಿಲ್ಲ. ಹೊರಗಿನ ತಿಂಡಿ ಒಳಗೆ ಬಿಡ್ತಾರೆ; ಗಾಜಿನ ಬಾಟಲಿ, ಬಿಡಿ ಐಸ್ ಬೇಡ. ಚಪಾತಿ-ಪಲ್ಯ, ಚಿತ್ರಾನ್ನ ಡಬ್ಬಿಗೆ ತೊಂದರೆಯಿಲ್ಲ. ಬಿಸಿ ಮಾಡಿಕೊಡ್ತಾರೆ ಅಂತ ನಂಬ್ಕೋಬೇಡಿ, ಮೊಸರನ್ನ ಆದ್ರೆ ಐಸ್‌ಪ್ಯಾಕ್ ಇಡಿ. ಕೌಂಟರ್‌ಗಳಲ್ಲಿ ಐಸ್ ನೀರು ಕೇಳಿದ್ರೆ ಬಿಟ್ಟಿ ಕೊಡ್ತಾರೆ.

ಹಿರಿಯರಿಗೆ ನಿಜವಾದ ಕಷ್ಟ ನಡಿಗೆ. ದಿನಕ್ಕೆ 10 ಕಿ.ಮೀ. ದಾಟೋದು ಮಾಮೂಲು. ವೀಲ್‌ಚೇರ್ ಬಾಡಿಗೆಗೆ ಸಿಗುತ್ತೆ, ಆದ್ರೆ ಅದರಿಂದ ಸಾಲು ತಪ್ಪಲ್ಲ. ಮ್ಯಾಜಿಕ್ ಕಿಂಗ್‌ಡಮ್‌ಗೆ ಕಾರಲ್ಲಿ ಹೋದ್ರೆ ನೇರ ಬಾಗಿಲಿಗೆ ಮುಟ್ಟಲ್ಲ. ಕಾರು ನಿಲ್ಲಿಸಿ, ಆಮೇಲೆ ಮಾನೊರೈಲೋ ದೋಣಿಯೋ ಹಿಡೀಬೇಕು. ರಾತ್ರಿ ಪಟಾಕಿ ಮುಗಿದ ಮೇಲೆ ಎಲ್ಲರೂ ಒಟ್ಟಿಗೆ ಅದೇ ದಾರೀಲಿ ವಾಪಸ್.

ಮೊಗ್ಗಿನಜಡೆ:
ಅಪ್ಪ-ಅಮ್ಮನಿಗೆ ಒಂದೇ ದಿನ ಅಂದ್ರೆ ಯಾವ ಪಾರ್ಕ್?

ರಾಗಿಮುದ್ದೆ ಟ್ಯಾಂಪಾ:
ಎಪ್ಕಾಟ್. ಅಲ್ಲಿ ಲಿವಿಂಗ್ ವಿತ್ ದ ಲ್ಯಾಂಡ್ ಅಂತ ನಿಧಾನದ ದೋಣಿ ಸವಾರಿ ಇದೆ, ಕಾಲು ಗಂಟೆ ಹತ್ತಿರ. ಎತ್ತರದ ಲೆಕ್ಕ ಇಲ್ಲ, ಜೋಲಿ ಹೊಡೆಯಲ್ಲ. ದೋಣಿ ಹಸಿರುಮನೆಗಳ ಒಳಗೇ ಹಾಯುತ್ತೆ. ಮಣ್ಣಿಲ್ಲದೆ ನೀರಲ್ಲೇ ಬೆಳೆಸಿದ ಗಿಡ, ಮೇಲಿಂದ ಜೋತ ತರಕಾರಿ ಹತ್ತಿರದಿಂದ ಕಾಣುತ್ತೆ. ತೋಟ-ಗದ್ದೆ ನೋಡಿ ಬೆಳೆದವರಿಗೆ ಇದು ರೋಲರ್ ಕೋಸ್ಟರ್‌ಗಿಂತ ಮೇಲು. ಅಲ್ಲಿನ ಇನ್ನೊಂದು ರೈಡು ಸ್ಪೇಸ್‌ಶಿಪ್ ಅರ್ಥ್‌ಗೆ ಮಾತ್ರ ಚಲಿಸೋ ಪಟ್ಟಿ ಮೇಲಿಂದ ಹತ್ತಬೇಕು. ಮಂಡಿನೋವಿದ್ರೆ ಸಿಬ್ಬಂದಿಗೆ ಮೊದಲೇ ಹೇಳಿ. ಕೆರೆ ಸುತ್ತ 11 ದೇಶಗಳ ಮಂಟಪ, ಒಂದು ಸುತ್ತು ಸುಮಾರು 2 ಕಿ.ಮೀ. ಒಂದೇ ಉಸಿರಿಗೆ ಸುತ್ತಬೇಡಿ, ಜಪಾನ್ ಹತ್ತಿರ ಕೂತು ಡಬ್ಬಿ ಬಿಚ್ಚಿ.