ಮಾನಿಟರ್ ಸ್ಕ್ರೀನ್ ಒಳಗಡೆ ಧೂಳು ಸೇರಿದೆ, ನಾನೇ ಬಿಚ್ಚಬಹುದಾ?

ಸಿದ್ದಾಪುರ ತೋಟದಮನೆ:
ನಮ್ಮನೆ ಮುಂದೇನೇ ಕಾಫಿ ಕಣ, ಕೊಯ್ಲು ಶುರುವಾದ್ಮೇಲೆ ಒಣಗಿಸೋದು ಕೆದಕೋದು ಎಲ್ಲಾ ಅಲ್ಲೇ ಆಗೋದ್ರಿಂದ ಎಷ್ಟು ಗುಡಿಸಿದ್ರೂ ಒಳಗೆಲ್ಲಾ ಧೂಳು. ಈಗ 24 ಇಂಚಿನ ಎಲ್‌ಇಡಿ ಮಾನಿಟರ್‌ನ ಎಡಗಡೆ ಕೆಳಗಿನ ಮೂಲೇಲಿ ಮಸುಕು ಮಸುಕಾಗಿ ಚುಕ್ಕೆ ಕಾಣ್ತಿದೆ, ಮೈಕ್ರೋಫೈಬರ್ ಬಟ್ಟೇಲಿ ಒರೆಸಿದ್ರೂ ಹೋಗ್ತಿಲ್ಲ. ತೋಟದ ಲೆಕ್ಕ, ಮಗಳ ಓದು ಎರಡೂ ಇದ್ರಲ್ಲೇ. ವಾರಂಟಿ ಮುಗಿದಿದೆ, ಅಂಗಡೀಲಿ ಪ್ಯಾನೆಲ್ ಬದಲಾಯಿಸಿ ಅಂತಾರೆ, ಆ ದುಡ್ಡಿಗೆ ಇನ್ನೇನು ಹೊಸದೇ ಬರುತ್ತೆ. ಹಿಂದಿನ ತೂತಿಗೆ ವ್ಯಾಕ್ಯೂಮ್ ಕ್ಲೀನರ್ ಹಿಡಿದ್ರೆ ಎಳ್ಕೊಳ್ಳುತ್ತಾ?

ಪೊನ್ನಂಪೇಟೆ ಹುಡುಗ:
ವ್ಯಾಕ್ಯೂಮ್ ಬೇಡ ಅಣ್ಣ. ಆ ತೂತು ಇರೋದು ಸರ್ಕ್ಯೂಟ್ ಬೋರ್ಡಿಗೆ ಗಾಳಿ ಆಡೋಕೆ, ಸ್ಕ್ರೀನ್ ಪದರಗಳು ಬೇರೇನೇ ಒಂದು ಚೌಕಟ್ಟಲ್ಲಿ ಕೂತಿರ್ತವೆ, ಜೊತೆಗೆ ಸ್ಟ್ಯಾಟಿಕ್ ಕರೆಂಟಿಂದ ಬೋರ್ಡ್ ಹೋಗೋ ಭಯ. ಮೊದಲು ಅದು ಧೂಳು ಹೌದಾ ನೋಡಿ. ಸ್ಕ್ರೀನ್ ತುಂಬಾ ಬಿಳಿ ಬಣ್ಣ ಇಟ್ಟು ನೋಡಿ, ಆಮೇಲೆ ಆಫ್ ಮಾಡಿ ಟಾರ್ಚ್ ಓರೆಯಾಗಿ ಬಿಡಿ. ಟಾರ್ಚಲ್ಲಿ ಕಂಡ್ರೆ ಹೊರಗಿನದು, ಆನ್ ಇದ್ದಾಗ ಮಾತ್ರ ಕಂಡ್ರೆ ಒಳಗಿನದು. ಸತ್ತ ಪಿಕ್ಸೆಲ್ ಆದ್ರೆ ಅಂಚು ಚೂಪಾಗಿ ಪುಟ್ಟ ಚುಕ್ಕಿ ಥರ ಇರುತ್ತೆ, ಧೂಳು ಮಬ್ಬು ಮಬ್ಬು.
ಚುಕ್ಕೆ ಜಾಗ ಬದಲಿಸ್ತಿದ್ರೆ ಅದು ಹುಳ. ಬೆಳಕಿಗೆ ಬರೋ ಸಣ್ಣ ಹುಳಗಳು ಸಂದಿಯಿಂದ ಒಳಗೆ ಹೋಗ್ತವೆ. ಮಾನಿಟರ್ ಆಫ್ ಮಾಡಿ ಪಕ್ಕದಲ್ಲಿ ಒಂದು ಲೈಟ್ ಹಾಕಿಟ್ರೆ ತಾನೇ ಹೊರಗೆ ಬಂದ್ರೂ ಬರಬಹುದು. ಬೆರಳಲ್ಲಿ ಮಾತ್ರ ಒತ್ತಬೇಡಿ, ಅಲ್ಲೇ ಸತ್ತು ಅಂಟ್ಕೊಂಡ್ರೆ ಶಾಶ್ವತ.

ಗೋಣಿಕೊಪ್ಪ ರಿಪೇರಿ:
ಮೇಲಿನವರು ಹೇಳಿದ್ದು ಸರಿ. ಗಾಜಿನ ಪ್ಯಾನೆಲ್ ಹಿಂದೆ ಬೆಳಕು ಹರಡೋ ತೆಳು ಹಾಳೆಗಳು, ಅದರ ಹಿಂದೆ ಅಕ್ರಿಲಿಕ್ ಪ್ಲೇಟ್, ಕೊನೇಲಿ ಬಿಳಿ ಹಾಳೆ, ಈ ಸಂದಿಗಳಲ್ಲೇ ಧೂಳು ಕೂರೋದು. ಹಿಂದಿನ ಕವರ್ ತೆಗೆಯೋದು ಕಷ್ಟ ಅಲ್ಲ, ಪ್ಯಾನೆಲ್ ಎತ್ತೋದು ಕಷ್ಟ. ಅದರ ಅಂಚಲ್ಲಿ ರಿಬ್ಬನ್ ಥರ ತೆಳು ಪಟ್ಟಿಗಳಿರ್ತವೆ, ಒಂದು ಹರಿದ್ರೆ ಸ್ಕ್ರೀನ್ ಉದ್ದಕ್ಕೂ ಗೆರೆ ಬೀಳುತ್ತೆ, ಮನೇಲಿ ಅದನ್ನ ಸರಿ ಮಾಡೋಕಾಗಲ್ಲ. ಪವರ್ ಸಪ್ಲೈ ಒಳಗೇ ಇರೋ ಮಾಡೆಲ್ ಆದ್ರೆ ಪ್ಲಗ್ ತೆಗೆದ್ಮೇಲೂ ಕೆಪಾಸಿಟರಲ್ಲಿ ಕರೆಂಟ್ ಉಳಿದಿರುತ್ತೆ, ಶಾಕ್ ಹೊಡೆಯುತ್ತೆ, ಆ ಬೋರ್ಡ್ ಮುಟ್ಟಲೇಬೇಡಿ.
ಹಾಗಾಗಿ ಮೂಲೇಲಿ ಎರಡು ಚುಕ್ಕೆಗೋಸ್ಕರ ಬಿಚ್ಚಬೇಡಿ ಅಂತ ನನ್ನ ಖಡಾಖಂಡಿತ ಅಭಿಪ್ರಾಯ. ಬಿಚ್ಚಲೇಬೇಕು ಅಂದ್ರೆ ಮಂಜು ಮಳೆ ಇಲ್ಲದ ಒಣ ದಿನ ನೋಡಿ, ಕಣದಿಂದ ದೂರದ ರೂಮು, ನೆಲ ಒದ್ದೆ ಬಟ್ಟೇಲಿ ಒರೆಸಿ, ಫ್ಯಾನ್ ಆಫ್. ಹಾಳೆ ಯಾವುದರ ಮೇಲೆ ಯಾವುದು, ಯಾವ ಮುಖ ಮೇಲೆ ಅಂತ ಫೋಟೋ ತೆಗೀತಾ ಹೋಗಿ, ಅದು ತಪ್ಪಿದ್ರೆ ಬೆಳಕೇ ಕೆಡುತ್ತೆ. ಕ್ಯಾಮೆರಾದವರ ರಬ್ಬರ್ ಬ್ಲೋವರಲ್ಲೇ ಊದಿ, ಬಾಯಲ್ಲಿ ಊದಿದ್ರೆ ಎಂಜಲು ಹಾರಿ ಕಲೆಯಾಗುತ್ತೆ.

ಭಾಗಮಂಡಲ ಅಕ್ಕ:
ಜೇಡರಬಲೆ ಥರ ಕವಲು ಕವಲಾಗಿ ಹರಡ್ತಿದ್ರೆ ಅದು ಬೂಷ್ಟು. ನಮ್ಮ ಕಡೆ ಜೂನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ, ಚಪ್ಪಲಿ, ಪುಸ್ತಕ ಎಲ್ಲದಕ್ಕೂ ಬರುತ್ತಲ್ಲ, ಸ್ಕ್ರೀನಿಗೂ ಬರುತ್ತೆ. ಮಳೆಗಾಲದಲ್ಲಿ ಕೆಲಸ ಇಲ್ಲದಿದ್ರೂ ದಿನಾ ಸ್ವಲ್ಪ ಹೊತ್ತು ಆನ್ ಇಡಿ, ಆ ಬಿಸಿಗೆ ತೇವ ಕಮ್ಮಿಯಾಗುತ್ತೆ. ಗೋಡೆಗೆ ತಾಗಿಸಿ ಇಡಬೇಡಿ.

ಸಿದ್ದಾಪುರ ತೋಟದಮನೆ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಟಾರ್ಚ್ ಹಾಕಿ ನೋಡಿದೆ, ಒಳಗಿನದೇ, ಜಾಗ ಬದಲಿಸ್ತಿಲ್ಲ, ಕವಲೂ ಇಲ್ಲ. ಬಿಚ್ಚಲ್ಲ. ಬಿಚ್ಚದೆ ಬೇರೆ ಏನಾದ್ರೂ ಮಾಡೋಕಾಗುತ್ತಾ?

ಗೋಣಿಕೊಪ್ಪ ರಿಪೇರಿ:
ಆಫ್ ಮಾಡಿ ಪೂರ್ತಿ ತಣ್ಣಗಾದ್ಮೇಲೆ, ನಿಂತ ಹಾಗೇ ಇಟ್ಟು ಹೊರ ಚೌಕಟ್ಟಿಗೆ ಬೆರಳ ತುದೀಲಿ ಮೆಲ್ಲಗೆ ತಟ್ಟಿ, ಗಾಜಿಗೆ ತಟ್ಟಬೇಡಿ. ಸಡಿಲ ಧೂಳಾಗಿದ್ರೆ ಕೆಳಗಿನ ಅಂಚಿನ ಹಿಂದೆ ಇಳಿಯುತ್ತೆ, ನಿಮ್ಮದು ಹೇಗೂ ಕೆಳಗಿನ ಮೂಲೆ. ಹೋಗದಿದ್ರೆ ಬಿಟ್ಟುಬಿಡಿ. ಕಾಫಿ ಕೆದಕೋ ಹೊತ್ತಲ್ಲಿ ಆಫ್ ಮಾಡಿ ಹಳೇ ಕಾಟನ್ ಪಂಚೆ ಮುಚ್ಚಿ, ಪ್ಲಾಸ್ಟಿಕ್ ಬೇಡ, ತೇವ ಒಳಗೇ ನಿಲ್ಲುತ್ತೆ.