ಆಂಟೆನಾದ ‘ಗೇನ್’ಗೆ ‘ಗಳಿಕೆ’ ಎನ್ನುವುದು ಸರಿಯೇ?

ಬಳಗದ ಎಲ್ಲರಿಗೂ ನಮಸ್ಕಾರ.

ಒಂದು ಪದದ ವಿಚಾರದಲ್ಲಿ ನಿಮ್ಮ ನೆರವು ಬೇಕು. 2025ರ ಜುಲೈನಲ್ಲಿ ಶುಭಾಂಶು ಶುಕ್ಲಾ ಅವರು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಿಂದ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಸೇರಿದ್ದ ಮಕ್ಕಳೊಡನೆ ಹ್ಯಾಮ್ (ಹವ್ಯಾಸಿ) ರೇಡಿಯೋದಲ್ಲಿ ಮಾತಾಡಿದರಲ್ಲ, ಆಮೇಲೆ ನನ್ನ ಪರಿಚಯದ ಮೇಷ್ಟ್ರೊಬ್ಬರಿಗೆ ನಿಲ್ದಾಣದ ದನಿಯನ್ನು ಮನೆಯಲ್ಲೇ ಹಿಡಿಯಬೇಕೆಂಬ ಆಸೆ ಹುಟ್ಟಿತು. ಹ್ಯಾಮ್ ಪರವಾನಗಿಯನ್ನು ಹೊಸದಾಗಿ ಪಡೆದವರು, ಸ್ಕ್ಯಾನರ್ ಕೂಡ ಇತ್ತು. (ಸ್ಕ್ಯಾನರಿಗೆ ‘ಜಾಲಾಡುವ ರೇಡಿಯೋ’ ಎನ್ನಬಹುದು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಒಂದಾದ ಮೇಲೊಂದು ತರಂಗಾಂತರವನ್ನು ತಡಕುತ್ತ ಅದು ಮಾಡುವುದು ಅದನ್ನೇ.) ಅವರಿಗಾಗಿ ಆಂಟೆನಾ ಆರಿಸುವ ಬಗ್ಗೆ ಕನ್ನಡದಲ್ಲಿ ನಾಲ್ಕು ಪುಟ ಬರೆದುಕೊಟ್ಟೆ. ‘ಗೇನ್’ (ಆಂಟೆನಾ ಒಂದು ದಿಕ್ಕಿಗೆ ಎಷ್ಟು ಚುರುಕು ಎಂಬ ಅಳತೆ) ಬಂದ ಕಡೆಯಲ್ಲೆಲ್ಲ ‘ಗಳಿಕೆ’ ಎಂದು ಬರೆದೆ.

ಮೇಷ್ಟ್ರು ‘ಹೆಚ್ಚು ಗಳಿಕೆ’ಯದೇ ಇರಲಿ ಎಂದು 6 ಡೆಸಿಬೆಲ್‌ನ ಉದ್ದನೆಯ ಕಡ್ಡಿ ಆಂಟೆನಾವೊಂದನ್ನು ತಂದು ತಾರಸಿಯ ಮೇಲೆ ನಿಲ್ಲಿಸಿದರು. ನಿಲ್ದಾಣದವರು 145.800 ಮೆಗಾಹರ್ಟ್ಸಿನಲ್ಲಿ ಆಗಾಗ ಚಿತ್ರಗಳನ್ನು ಕಳಿಸುತ್ತಾರೆ. ಅಂಥ ಒಂದು ದಿನ ಫೋನ್ ಬಂತು: “ದೂರದಲ್ಲಿ ಏಳುವಾಗ ಚಿತ್ರ ಚೆನ್ನಾಗಿ ಬಂತು ಸಾರ್. ನೆತ್ತಿ ಮೇಲೆ ಬಂದಾಗ ಬರೀ ಚುಕ್ಕಿ. ಗಳಿಕೆ ಜಾಸ್ತಿ ಇರೋದಕ್ಕೆ ಹತ್ತಿರದ್ದೇ ಯಾಕೆ ಕೇಳಲ್ಲ?”

ಪ್ರಶ್ನೆ ನ್ಯಾಯವಾದದ್ದು. ದಿಗಂತದಲ್ಲಿ ಏಳುವಾಗ ನಿಲ್ದಾಣ 2,000 ಕಿಲೋಮೀಟರಿಗಿಂತ ದೂರ, ನೆತ್ತಿಯ ಮೇಲೆ ಬಂದರೆ ಸುಮಾರು 400. ಆದರೆ ಆಂಟೆನಾ ತನ್ನ ಕೈಯಿಂದ ಏನನ್ನೂ ಸೇರಿಸುವುದಿಲ್ಲ. ಸುತ್ತಲಿಗೆಲ್ಲ ಹಂಚಿಹೋಗುವ ಕಸುವನ್ನು ಒಂದು ಕಡೆಗೆ ಒತ್ತರಿಸುತ್ತದೆ, ಅಷ್ಟೆ. ದೂರದ ಮಾತು ಕೇಳಲು ನಾವು ಕಿವಿಯ ಹಿಂದೆ ಅಂಗೈ ಬಾಗಿಸಿ ಹಿಡಿಯುವುದಿಲ್ಲವೇ? ಮುಂದಿನದು ಚೆನ್ನಾಗಿ ಕೇಳುತ್ತದೆ, ಹಿಂದಿನದು ಮಂಕಾಗುತ್ತದೆ. ಆ ಉದ್ದನೆಯ ಕಡ್ಡಿ ದಿಗಂತದ ಕಡೆಗೆ ನಾಲ್ಕು ಪಟ್ಟು (6 ಡೆಸಿಬೆಲ್ ಎಂದರೆ ಅಷ್ಟೇ) ಚುರುಕಾದದ್ದು ನೆತ್ತಿಯ ಕಡೆಯ ಕಿವಿಯನ್ನು ಮುಚ್ಚಿಕೊಂಡು. ಕೊನೆಗೆ ಮೇಷ್ಟ್ರಿಂದ ಸುಮಾರು 49 ಸೆಂಟಿಮೀಟರಿನ ನೆಟ್ಟನೆ ತಂತಿ, ಅದರ ಬುಡದಿಂದ ಓರೆಯಾಗಿ ಇಳಿಬಿಟ್ಟ ನಾಲ್ಕು ಕಡ್ಡಿ, ಇಷ್ಟನ್ನೇ ಮಾಡಿಸಿದೆ. ಕಾಲು ಅಲೆಯುದ್ದದ ಈ ಸಣ್ಣ ಆಂಟೆನಾ ಕೂಡ ನೆತ್ತಿಯ ನೇರಕ್ಕೆ ಮಂಕೇ, ಆದರೆ ಮಂಕಾಗುವ ಜಾಗ ಚಿಕ್ಕದು. ಚಿತ್ರಗಳು ಬಂದವು.

ತಪ್ಪು ಮೇಷ್ಟ್ರದಲ್ಲ, ನಾನು ಬಳಸಿದ ಪದದ್ದು. ಗಳಿಕೆ ಅಂದ ಕೂಡಲೇ ಇಲ್ಲದ್ದು ಬಂದು ಸೇರಿದ ಹಾಗೆ, ಹೆಚ್ಚಿದ್ದಷ್ಟೂ ಒಳ್ಳೆಯದು ಅನ್ನಿಸುವ ಹಾಗೆ ಆಗುತ್ತದೆ. ‘ಲಾಭ’ ಎಂದರೆ ಇನ್ನೂ ಕೆಟ್ಟದು. ಆಂಪ್ಲಿಫೈಯರಿಗೆ ‘ಗಳಿಕೆ’ ಒಪ್ಪುತ್ತದೆ, ಅದು ಕರೆಂಟು ಕುಡಿದು ನಿಜವಾಗಿಯೂ ದೊಡ್ಡದು ಮಾಡುತ್ತದೆ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದವಿದೆ ಎಂದು ನಾವೂ ಒಂದೇ ಇಟ್ಟುಕೊಳ್ಳಬೇಕೇ?

ನನಗೆ ಹೊಳೆದದ್ದು ‘ದಿಕ್ಕೊಲವು’. ದಿಕ್ಕು, ಒಲವು ಎರಡೂ ಎಲ್ಲರಿಗೂ ಗೊತ್ತಿರುವ ಮಾತು, ಸಂಧಿಯೂ ಸಲೀಸು. “ಈ ಆಂಟೆನಾದ ದಿಕ್ಕೊಲವು 6 ಡೆಸಿಬೆಲ್” ಎಂದರೆ ಓದುವವರು ತಾವಾಗಿಯೇ “ಯಾವ ದಿಕ್ಕಿಗೆ?” ಎಂದು ಕೇಳುತ್ತಾರೆ. ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆಯೂ ಅದೇ. ‘ಕಿವಿಗೊಡು’ವಿನಿಂದ ಒಂದು ಪದ ಕಟ್ಟಲೂ ನೋಡಿದೆ. ಆಂಟೆನಾ ಕೇಳುವುದು ಮಾತ್ರವಲ್ಲ, ಹೇಳುವುದೂ ಉಂಟು, ಹಾಗಾಗಿ ಬಿಟ್ಟೆ.

ಒಂದು ತೊಡಕು ಉಳಿದಿದೆ. ತಂತಿಯಲ್ಲೇ ಬಿಸಿಯಾಗಿ ಕಳೆದುಹೋಗುವ ಪಾಲನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ‘ಡೈರೆಕ್ಟಿವಿಟಿ’, ಹಿಡಿದರೆ ‘ಗೇನ್’. ‘ದಿಕ್ಕೊಲವು’ ಮೊದಲನೆಯದಕ್ಕೆ ಹೆಚ್ಚು ಹೊಂದುತ್ತದೆ. ಎರಡನೆಯದನ್ನು ‘ನಿವ್ವಳ ದಿಕ್ಕೊಲವು’ ಎಂದರೆ ಭಾರವಾಯಿತೇ?

‘ಆಂಟೆನಾ’ವನ್ನು ಕನ್ನಡಿಸಬೇಕೆಂಬ ಹಟ ನನಗಿಲ್ಲ. ಲ್ಯಾಟಿನ್ನಿನಲ್ಲಿ ಅದು ಹಾಯಿ ಕಟ್ಟುವ ಅಡ್ಡಮರ, ಇಟಾಲಿಯನ್ನಿನಲ್ಲಿ ಕಂಬ. ಮಾರ್ಕೋನಿಯ ಕಾಲದಲ್ಲಿ ಅಲ್ಲಿಂದಲೇ ರೇಡಿಯೋಗೆ ಬಂತು. ನಮ್ಮ ‘ಗಳ’ ಇದ್ದ ಹಾಗೆ. ಹಳ್ಳಿಗಳಲ್ಲಿ ಟಿವಿ ಆಂಟೆನಾವನ್ನು ಬಿದಿರ ಗಳಕ್ಕೇ ಕಟ್ಟುತ್ತಿದ್ದೆವು. ಹುಳುಗಳ ಆಂಟೆನಾಗೆ ‘ಕುಡಿಮೀಸೆ’ ಎಂಬ ಸೊಗಸಾದ ಪದವಿದೆ, ಅದು ಅಲ್ಲೇ ಇರಲಿ.

ಆ ಗಳವನ್ನು ಒಬ್ಬರು ಮಾಡಿನ ಮೇಲೆ ನಿಂತು ತಿರುಗಿಸುವಾಗ, ಒಳಗಿನಿಂದ ಇನ್ನೊಬ್ಬರು ಕೂಗಿ ಹೇಳುತ್ತಿದ್ದರಲ್ಲ, ಆಗ ‘ಈ ಕಡೆ ಚೆನ್ನಾಗಿ ಎಳೆಯುತ್ತದೆ’ ಎನ್ನುವುದಕ್ಕೆ ನಿಮ್ಮ ಊರಿನಲ್ಲಿ ಏನನ್ನುತ್ತಿದ್ದರು? ಕರಾವಳಿಯವರು, ಉತ್ತರ ಕರ್ನಾಟಕದವರು ದಯವಿಟ್ಟು ತಿಳಿಸಿ. ಮುಂದಿನ ತಿಂಗಳು ಆ ನಾಲ್ಕು ಪುಟಗಳನ್ನು ತಿದ್ದಿ ಮೇಷ್ಟ್ರ ಶಾಲೆಯ ಮಕ್ಕಳಿಗೆ ಕೊಡಬೇಕಾಗಿದೆ.