ಥರ್ಮಲ್ ಚಿತ್ರದಲ್ಲಿ ಕಣ್ಣಿನ ನಡುಭಾಗ ನೀಲಿಯಾಗಿ ಕಂಡರೆ ಏನರ್ಥ?

ಪ್ರಶ್ನೆ: ದಿನವಿಡೀ ಕಂಪ್ಯೂಟರ್ ಮುಂದೆ ಕೂರುವ ನನಗೆ ಸಂಜೆಯಾದರೆ ಕಣ್ಣಿಗೆ ಮರಳು ಬಿದ್ದಂತೆ ಉರಿಯುತ್ತದೆ. ಮೊನ್ನೆ ತಪಾಸಣೆಯಲ್ಲಿ, ಉಷ್ಣಾಂಶವನ್ನು ಬಣ್ಣಗಳಲ್ಲಿ ತೋರಿಸುವ ಥರ್ಮಲ್ ಕ್ಯಾಮೆರಾದಿಂದ ತೆಗೆದ ಚಿತ್ರದಲ್ಲಿ ಕಣ್ಣಿನ ಅಂಚು ಹಳದಿಯಾಗಿಯೂ ನಡುಭಾಗ ನೀಲಿಯಾಗಿಯೂ ಇತ್ತು. ಅಲ್ಲಿ ರಕ್ತಸಂಚಾರ ನಿಂತಿದೆಯೇ?

ನೇತ್ರತಜ್ಞರ ಉತ್ತರ: ದಯವಿಟ್ಟು ಗಾಬರಿಯಾಗಬೇಡಿ. ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವಾದ ಕಾರ್ನಿಯಾದಲ್ಲಿ ಆರೋಗ್ಯವಂತರಿಗೂ ರಕ್ತನಾಳಗಳಿರುವುದಿಲ್ಲ. ಅವು ಅಂಚಿನವರೆಗೆ ಬಂದು ನಿಲ್ಲುವುದರಿಂದ ಅಂಚು ಬೆಚ್ಚಗೆ, ನಡುಭಾಗ ತುಸು ತಂಪಾಗಿರುವುದು ಸಹಜ. ಸಾಮಾನ್ಯ ಕೋಣೆಯಲ್ಲಿ ಕಣ್ಣಿನ ಮೇಲ್ಮೈ ಉಷ್ಣಾಂಶ ಸುಮಾರು 34ರಿಂದ 35 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ನೀಲಿ, ಹಳದಿಗಳನ್ನು ಹಚ್ಚುವುದು ತಂತ್ರಾಂಶವೇ ಹೊರತು ಕಣ್ಣಲ್ಲ, ಆದ್ದರಿಂದ ಬಣ್ಣವನ್ನು ಬಿಟ್ಟು ಡಿಗ್ರಿ ಎಷ್ಟಿತ್ತೆಂದು ಕೇಳಿ.

ಈ ಕ್ಯಾಮೆರಾ ಕಣ್ಣಿಗೆ ಯಾವ ಕಿರಣವನ್ನೂ ಹಾಯಿಸುವುದಿಲ್ಲ. ಕಣ್ಣೇ ಹೊರಸೂಸುವ ಅವಗೆಂಪು ಕಿರಣಗಳನ್ನು ಅಳೆಯುತ್ತದೆ. ನಿಮ್ಮಂತಹ ಶುಷ್ಕ ಕಣ್ಣಿನ ತೊಂದರೆಯಲ್ಲಿ ಒಂದು ಸ್ಥಿರಚಿತ್ರಕ್ಕಿಂತ ಹತ್ತು ಸೆಕೆಂಡಿನ ದೃಶ್ಯಾವಳಿ ಹೆಚ್ಚು ಹೇಳುತ್ತದೆ. ಕೆಲಕ್ಷಣ ಮುಚ್ಚಿದ್ದ ಕಣ್ಣನ್ನು ತೆರೆದು ಮಿಟುಕಿಸದೆ ನೋಡುತ್ತಿದ್ದರೆ, ಪರದೆಯ ಮೇಲೆ ಕಾರ್ನಿಯಾದ ನಡುವಿನಿಂದ ತಂಪು ಮೆಲ್ಲಗೆ ಹರಡುವುದು ಕಾಣುತ್ತದೆ. ರೆಪ್ಪೆಯಂಚಿನ ಮೈಬೋಮಿಯನ್ ಗ್ರಂಥಿಗಳು ಸ್ರವಿಸುವ ಎಣ್ಣೆಯ ತೆಳುಪದರ ಕಣ್ಣೀರು ಆರದಂತೆ ತಡೆಯುತ್ತದೆ. ಅದು ಕಡಿಮೆಯಾದರೆ ಕಣ್ಣೀರು ಬೇಗ ಆವಿಯಾಗಿ ಉಷ್ಣಾಂಶವೂ ಬೇಗ ಇಳಿಯುತ್ತದೆ. ಆದರೆ ಬಿಸಿಲಿನಿಂದ ಬಂದ ಕೂಡಲೇ, ಅಥವಾ ಫ್ಯಾನಿನ ಕೆಳಗೆ ಕೂರಿಸಿ ತೆಗೆದ ಅಳತೆಯನ್ನು ನಾನು ಒಪ್ಪುವುದಿಲ್ಲ. ಹದಿನೈದು ಇಪ್ಪತ್ತು ನಿಮಿಷ ಕೋಣೆಯ ಹವೆಗೆ ಕಣ್ಣು ಹೊಂದಿಕೊಳ್ಳಲೇಬೇಕು.

ರೆಪ್ಪೆಯಂಚಿನಲ್ಲಿ ಕಾಗದದ ಪಟ್ಟಿಯಿಟ್ಟು ಕಣ್ಣೀರಿನ ಪ್ರಮಾಣ ಅಳೆಯುವ ಶಿರ್ಮರ್ ಪರೀಕ್ಷೆ ಮತ್ತು ಫ್ಲೋರೆಸೀನ್ ಬಣ್ಣ ಹಾಕಿ ಕಣ್ಣೀರಿನ ಪದರ ಎಷ್ಟು ಸೆಕೆಂಡಿಗೆ ಒಡೆಯುತ್ತದೆಂದು ನೋಡುವ ಪರೀಕ್ಷೆ ಆಗಿರದಿದ್ದರೆ, ಈ ಚಿತ್ರವೊಂದನ್ನೇ ನಂಬಿ ಚಿಕಿತ್ಸೆ ಆರಂಭಿಸಬೇಡಿ.

ಮರುಪ್ರಶ್ನೆ: ನನ್ನ ತಂದೆಗೆ ಮಧುಮೇಹವಿದೆ. ಕಣ್ಣಿನ ಒಳಭಾಗ ಪರೀಕ್ಷಿಸಲು ಹಾಕುವ, ಪಾಪೆ ಹಿಗ್ಗಿಸುವ ಹನಿ ಅವರಿಗೆ ಬೇಡವೆನಿಸುತ್ತದೆ. ಅದರ ಬದಲು ಥರ್ಮಲ್ ಚಿತ್ರ ಸಾಕೇ?

ಉತ್ತರ: ಖಂಡಿತ ಸಾಲದು. ಥರ್ಮಲ್ ಕ್ಯಾಮೆರಾ ಗ್ರಹಿಸುವ ಕಿರಣಗಳನ್ನು ನೀರು ಹೀರಿಕೊಳ್ಳುವುದರಿಂದ ಅದಕ್ಕೆ ಕಾಣುವುದು ಹೊರಗಿನ ಕಣ್ಣೀರಿನ ಪದರವಷ್ಟೇ. ಕನ್ನಡಕ ಹಾಕಿಕೊಂಡು ನಿಂತರೆ ಕಣ್ಣುಗಳ ಜಾಗದಲ್ಲಿ ಎರಡು ಕಪ್ಪು ಬಿಲ್ಲೆಗಳು ಮಾತ್ರ ಮೂಡುತ್ತವೆ. ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಗ್ರಹಿಸುವ ಪದರವಾದ ರೆಟಿನಾದಲ್ಲಿ ರಕ್ತ ಜಿನುಗುತ್ತಿದ್ದರೂ ಅದಕ್ಕೆ ತಿಳಿಯದು. ಮಧುಮೇಹದ ರೆಟಿನಾ ತೊಂದರೆ ಆರಂಭದಲ್ಲಿ ನೋವನ್ನೂ ಮಸುಕನ್ನೂ ಕೊಡುವುದಿಲ್ಲ, ನನಗೆ ಹೆದರಿಕೆಯಾಗುವುದು ಇದೇ ಕಾರಣಕ್ಕೆ. ಹನಿಯಿಂದಾಗುವ ಮಸುಕು ಕೆಲವು ಗಂಟೆಗಳಲ್ಲಿ ಇಳಿಯುತ್ತದೆ; ಅಂದು ಅವರು ವಾಹನ ಓಡಿಸದಂತೆ ನೀವೇ ಜೊತೆಗೆ ಹೋಗಿ. ಅವರು ಒಪ್ಪದಿದ್ದರೆ, ಹನಿಯಿಲ್ಲದೆ ರೆಟಿನಾದ ಚಿತ್ರ ತೆಗೆಯುವ ಫಂಡಸ್ ಕ್ಯಾಮೆರಾ ಇರುವಲ್ಲಿಗಾದರೂ ಈ ತಿಂಗಳೇ ಕರೆದೊಯ್ಯಿರಿ. ಪೊರೆ ಬಂದಿದ್ದು ಚಿತ್ರ ಸ್ಪಷ್ಟವಾಗದಿದ್ದರೆ ಹನಿ ಹಾಕಿಸಲೇಬೇಕಾಗುತ್ತದೆ.